ರ್ಯಾಮ್ಸರ್‌ನ ಪತ್ರಗಳನ್ನು ಓದಲು ಹೋದ ಮೂರು ತಿಂಗಳು

ಕಳೆದ ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ನೋಡಲೆಂದು ವರ್ಜೀನಿಯಾದ ಶೆನಂಡೋವಾ ಕಣಿವೆಗೆ ಹೋಗಿದ್ದೆವು. ದಾರಿಯಲ್ಲಿ ಮಿಡಲ್‌ಟೌನ್ ಎಂಬ ಸಣ್ಣ ಊರಿನ ಪಕ್ಕ ಬೆಲ್ ಗ್ರೋವ್ ಎಂಬ ಕಲ್ಲಿನ ಮನೆ ಸಿಕ್ಕಿತು. ಮಕ್ಕಳಿಗೆ ಕಾಲು ಚಾಚಲು ಜಾಗ ಬೇಕಿತ್ತು, ಇಳಿದೆವು. ಅಲ್ಲಿ ಕೇಳಿದ ಒಂದು ಸಂಗತಿ ನನ್ನ ಜೊತೆ ಮನೆಯವರೆಗೂ ಬಂತು. ಅದು ಅಮೆರಿಕದ ಅಂತರ್ಯುದ್ಧದ ಕಾಲ. 1864ರ ಅಕ್ಟೋಬರ್ 19ರಂದು ಅಲ್ಲೇ ಹತ್ತಿರದ ಸೀಡರ್ ಕ್ರೀಕ್ ಯುದ್ಧದಲ್ಲಿ ಎರಡೂ ಶ್ವಾಸಕೋಶಗಳಿಗೆ ಗುಂಡು ಹೊಕ್ಕ ಕಾನ್ಫೆಡರೇಟ್ (ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ) ಸೇನೆಯ ಮೇಜರ್ ಜನರಲ್ ಒಬ್ಬನನ್ನು ಶತ್ರುಸೈನಿಕರು ಸೆರೆಹಿಡಿದು ಈ ಮನೆಗೆ ತಂದರು. ಆಗ ಇದು ಉತ್ತರದ ಸೇನಾಪತಿ ಶೆರಿಡನ್‌ನ ಪಾಳೆಯ. ಮರುದಿನ ಆತ ತೀರಿಕೊಂಡ. ವಯಸ್ಸು 27. ಕೆಲವೇ ದಿನಗಳ ಹಿಂದೆ ಊರಲ್ಲಿ ಹೆಂಡತಿಗೆ ಹೆರಿಗೆಯಾಗಿ ಎಲ್ಲ ಕ್ಷೇಮವೆಂಬ ಸುದ್ದಿ, ಸನ್ನೆಗಳಿಂದ ಸಂದೇಶ ದಾಟಿಸುವ ಸೇನೆಯ ಸಂಕೇತ ಠಾಣೆಯ ಮೂಲಕ ಬಂದಿತ್ತು. ಮಗು ಗಂಡೋ ಹೆಣ್ಣೋ ಎಂಬುದು ಆ ಸುದ್ದಿಯಲ್ಲಿ ಇರಲಿಲ್ಲ. ತಿಳಿಯದೆಯೇ ಸತ್ತ.

ಅವನ ಹೆಸರು ಸ್ಟೀಫನ್ ಡಾಡ್ಸನ್ ರ್ಯಾಮ್ಸರ್. ನಾರ್ತ್ ಕ್ಯಾರೊಲಿನಾದ ಲಿಂಕನ್‌ಟನ್ ಊರಿನವನು. ಮನೆಗೆ ಬಂದು ಹುಡುಕಿದಾಗ ತಿಳಿಯಿತು, ಆತ ಹೆಂಡತಿಗೆ ಬರೆದ ಪತ್ರಗಳು ಅದೇ ರಾಜ್ಯದ ಚಾಪೆಲ್ ಹಿಲ್ ಊರಿನ ವಿಶ್ವವಿದ್ಯಾಲಯದ ವಿಲ್ಸನ್ ಗ್ರಂಥಾಲಯದಲ್ಲಿವೆ. ನಾನಿರುವ ಕೇರಿಯಿಂದ ಕಾರಿನಲ್ಲಿ ಅರ್ಧ ಗಂಟೆ! ಹನ್ನೆರಡು ವರ್ಷದಿಂದ ಈ ಊರಲ್ಲಿದ್ದೇನೆ, ಒಮ್ಮೆಯೂ ಆ ಕಡೆ ಕಾಲಿಟ್ಟಿರಲಿಲ್ಲ. ನಾನು ಇತಿಹಾಸ ಓದಿದವಳಲ್ಲ. ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಇಂಥ ಕಡೆ ನಮ್ಮಂಥವರನ್ನು ಒಳಗೆ ಬಿಡುತ್ತಾರೆಯೇ ಎಂಬ ಅಳುಕಿನಲ್ಲೇ ಎರಡು ತಿಂಗಳು ಕಳೆದೆ. ಬಿಡುತ್ತಾರೆ. ವಿಶ್ವವಿದ್ಯಾಲಯದ ಪತ್ರ ಬೇಡ, ಪ್ರಾಧ್ಯಾಪಕರ ಶಿಫಾರಸು ಬೇಡ. ಭಾವಚಿತ್ರವಿರುವ ಗುರುತಿನ ಚೀಟಿ ಇದ್ದರೆ ಸಾಕು. ನನ್ನ ಹಾಗೆ ಹೊರಗೇ ನಿಂತಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಡವಿದ್ದು ಹೆಸರಿನಲ್ಲಿ. ಲಿಂಕನ್‌ಟನ್ ಸುತ್ತಮುತ್ತ ಈ ಮನೆತನದವರು ತಮ್ಮ ಹೆಸರನ್ನು ಮೂರು ಬಗೆಯಲ್ಲಿ ಬರೆಯುತ್ತಿದ್ದರು. ಕೊನೆಯಲ್ಲಿ ಇ-ಯು-ಆರ್ ಒಬ್ಬರದು, ಓ-ಯು-ಆರ್ ಇನ್ನೊಬ್ಬರದು, ಎ-ಯು-ಆರ್ ಮತ್ತೊಬ್ಬರದು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ, 1780ರಲ್ಲಿ, ಅದೇ ಊರಲ್ಲಿ ನಡೆದ ಕಾಳಗಕ್ಕೂ ಇದೇ ಮನೆತನದ ಗಿರಣಿಯ ಹೆಸರಿದೆ, ಅಲ್ಲಿ ಕಾಗುಣಿತ ಬೇರೆ. ಒಂದೇ ಕಾಗುಣಿತ ಹಾಕಿ ಹುಡುಕಿದ ನನಗೆ ಅರ್ಧಕ್ಕರ್ಧ ದಾಖಲೆ ಕಾಣಲೇ ಇಲ್ಲ. ಇನ್ನೊಂದು ತೊಡಕು ಕರೆಯುವ ಹೆಸರಿನದು. ಮನೆಯವರಿಗೆ ಈತ ಸ್ಟೀಫನ್ ಅಲ್ಲ, ಡಾಡ್ಸನ್. ಹೆಂಡತಿ ಎಲೆನ್ ರಿಚ್ಮಂಡ್, ಪತ್ರಗಳಲ್ಲಿ ನೆಲ್ಲಿ. ಇಬ್ಬರೂ ಸೋದರ ಸಂಬಂಧಿಗಳಾದ್ದರಿಂದ ಅತ್ತ ಇತ್ತ ಎರಡೂ ಮನೆಗಳಲ್ಲಿ ಅವೇ ಹೆಸರುಗಳು ಮರುಕಳಿಸುತ್ತವೆ. ಹುಡುಕಲು ಕೂರುವ ಮೊದಲು ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಳ್ಳಿ. ನಾನು ಮೂರನೆಯ ವಾರ ಬರೆದುಕೊಂಡೆ, ಮೊದಲ ಎರಡು ವಾರದ ಟಿಪ್ಪಣಿಗಳನ್ನು ಮತ್ತೆ ತಿದ್ದಬೇಕಾಯಿತು.

ಪತ್ರಗಳಿಗೂ ಮೊದಲು ಸರ್ಕಾರಿ ದಾಖಲೆ ನೋಡಿಬಿಡೋಣ ಎಂದುಕೊಂಡಿದ್ದೆ. ಕಾನ್ಫೆಡರೇಟ್ ಸೈನಿಕರ ಸೇವಾ ದಾಖಲೆಗಳು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸೋತ ಸರ್ಕಾರದ ಕಾಗದ ಗೆದ್ದ ಸರ್ಕಾರದ ಕೈಗೆ ಬಂದದ್ದು ಹೀಗೆ: 1865ರ ಏಪ್ರಿಲ್‌ನಲ್ಲಿ ತಮ್ಮ ರಾಜಧಾನಿ ರಿಚ್ಮಂಡ್ ನಗರ ಬಿಟ್ಟು ಓಡುವಾಗ ಸ್ಯಾಮ್ಯುಯೆಲ್ ಕೂಪರ್ ಎಂಬ ಹಿರಿಯ ಸೇನಾಧಿಕಾರಿ ತನ್ನ ಕಚೇರಿಯ ದಾಖಲೆಗಳನ್ನು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ವರೆಗೆ ಸಾಗಿಸಿ, ಸುಡದೆ, ಹಾಗೆಯೇ ಒಪ್ಪಿಸಿದ. 1903ರಿಂದ ಅವುಗಳನ್ನು ಒಬ್ಬೊಬ್ಬ ಸೈನಿಕನ ಹೆಸರಿಗೆ ಚೀಟಿಗಳಾಗಿ ವಿಂಗಡಿಸಿದರು. ಇವುಗಳ ಮೈಕ್ರೋಫಿಲ್ಮ್ ಪ್ರತಿಗಳು ಈಗ ಅಂತರಜಾಲದಲ್ಲಿವೆ. ಹಣ ಕೊಟ್ಟು ನೋಡುವ ತಾಣಗಳೂ ಉಂಟು, ಆದರೆ ಅನೇಕ ಸಾರ್ವಜನಿಕ ಗ್ರಂಥಾಲಯಗಳ ಕಂಪ್ಯೂಟರಿನಲ್ಲಿ ಅವೇ ಪುಟಗಳು ಪುಕ್ಕಟೆ ಸಿಗುತ್ತವೆ. ನಾನು ಒಂದು ತಿಂಗಳ ಚಂದಾ ಕಟ್ಟಿದ ಮೇಲೆ ಇದು ಗೊತ್ತಾಯಿತು. ಇನ್ನೊಂದು ಮಾತು, ಅಧಿಕಾರಿಯೊಬ್ಬನ ದಾಖಲೆ ಒಂದೇ ಕಡೆ ಇರುವುದಿಲ್ಲ. ರ್ಯಾಮ್ಸರ್ ನಾರ್ತ್ ಕ್ಯಾರೊಲಿನಾದ 49ನೆಯ ದಳದ ಕರ್ನಲ್ ಆಗಿದ್ದಾಗಿನ ಚೀಟಿಗಳು ರಾಜ್ಯದ ಸರಣಿಯಲ್ಲಿ, ಜನರಲ್ ಆದ ಮೇಲಿನವು ಸೇನಾನಿಗಳ ಪ್ರತ್ಯೇಕ ಸರಣಿಯಲ್ಲಿ. ಒಂದನ್ನು ನೋಡಿ ಮುಗಿಯಿತೆಂದು ಏಳಬೇಡಿ.

ನನಗೆ ಬೇಕಿದ್ದದ್ದು ಗಾಯದ ವಿವರ. ಆತನಿಗೆ ಗಾಯವಾದದ್ದು ಒಂದು ಸಲವಲ್ಲ. 1862ರ ಜುಲೈ 1ರಂದು ಮಾಲ್ವರ್ನ್ ಹಿಲ್‌ನಲ್ಲಿ ಬಲತೋಳಿಗೆ, 1863ರ ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್‌ನಲ್ಲಿ ಕಾಲಿಗೆ, 1864ರ ಮೇ 12ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ಮತ್ತೆ ಅದೇ ಬಲತೋಳಿಗೆ, ಕೊನೆಗೆ ಸೀಡರ್ ಕ್ರೀಕ್. ಆಸ್ಪತ್ರೆಯ ಕಾಗದ, ವೈದ್ಯರ ಟಿಪ್ಪಣಿ ಏನಾದರೂ ಸಿಕ್ಕೀತೆಂದು ಎರಡು ವಾರ ಹುಡುಕಿದೆ. ಪತ್ರಾಗಾರವೊಂದಕ್ಕೆ ಮಿಂಚಂಚೆ ಬರೆದು ಇಪ್ಪತ್ತು ದಿನ ಕಾದೆ. ಬಂದ ಉತ್ತರ ನಾಲ್ಕು ಸಾಲು, ಆದರೆ ಸೌಜನ್ಯದ್ದು. ಕಾನ್ಫೆಡರೇಟ್ ಸೇನೆಯ ಮುಖ್ಯ ವೈದ್ಯಾಧಿಕಾರಿಯ ಕಚೇರಿ ರಿಚ್ಮಂಡ್‌ಗೆ ಬಿದ್ದ ಅದೇ ಏಪ್ರಿಲ್‌ನ ಬೆಂಕಿಯಲ್ಲಿ ಸುಟ್ಟುಹೋಯಿತು, ವೈದ್ಯಕೀಯ ದಾಖಲೆಗಳ ಬಹುಪಾಲು ಅದರೊಂದಿಗೆ ಹೋಯಿತು. ಒಬ್ಬ ಅಧಿಕಾರಿ ಉಳಿಸಿದ ಕಾಗದ ಒಂದು ಕಡೆ, ಬೂದಿಯಾದದ್ದು ಇನ್ನೊಂದು ಕಡೆ. ಗಾಯಾಳುಗಳ ಬೆನ್ನು ಹತ್ತುವವರು ಇದನ್ನು ಮೊದಲೇ ತಿಳಿದಿರಲಿ. ಗಾಯ ಸಿಗುವುದಿದ್ದರೆ ಮನೆಯವರ ಪತ್ರಗಳಲ್ಲಿ ಸಿಗಬೇಕು.

ಹಾಗೆ ಜನವರಿಯ ಒಂದು ಶುಕ್ರವಾರ ರಜೆ ಹಾಕಿ ಚಾಪೆಲ್ ಹಿಲ್‌ಗೆ ಹೋದೆ. ಕಾರು ನಿಲ್ಲಿಸಲು ಮುಕ್ಕಾಲು ಗಂಟೆ ಸುತ್ತಿದೆ. ಆ ಊರಿನ ನಗರ ಬಸ್ಸುಗಳಿಗೆ ಟಿಕೆಟ್ಟೇ ಇಲ್ಲ. ಊರ ಹೊರಗೆ ಕಾರು ಬಿಟ್ಟು ಬಸ್ಸಿನಲ್ಲಿ ಬನ್ನಿ, ಎರಡನೆಯ ಸಲದಿಂದ ನಾನು ಹಾಗೆಯೇ ಮಾಡಿದೆ. ವಿಲ್ಸನ್ ಗ್ರಂಥಾಲಯ 1929ರದ್ದು, ಎದುರಿಗೆ ದಪ್ಪ ಕಂಬಗಳು, ಒಳಗೆ ಗುಮ್ಮಟ. ಇದೇ ವಿಶ್ವವಿದ್ಯಾಲಯದ ಆವರಣದಲ್ಲಿ ನಿಂತಿದ್ದ ಕಾನ್ಫೆಡರೇಟ್ ಸೈನಿಕನ ಪ್ರತಿಮೆಯನ್ನು 2018ರ ಆಗಸ್ಟ್‌ನಲ್ಲಿ ಪ್ರತಿಭಟನಕಾರರು ಉರುಳಿಸಿದ್ದರು. ಅಂಥ ಆವರಣದೊಳಗೆ ಒಬ್ಬ ಕಾನ್ಫೆಡರೇಟ್ ಅಧಿಕಾರಿಯ ಪತ್ರ ಕೇಳಲು ಹೋಗುವಾಗ, ಎದುರಿಗಿರುವವರು ನನ್ನನ್ನು ಏನೆಂದುಕೊಂಡಾರು ಎಂಬ ಯೋಚನೆ ಬಂದದ್ದು ನಿಜ. ಯಾರೂ ಕಾರಣ ಕೇಳಲಿಲ್ಲ.

ಮೊದಲ ದಿನ ಬರಿಗೈಯಲ್ಲಿ ಮರಳಿದೆ, ತಪ್ಪು ನನ್ನದೇ. ಪೆಟ್ಟಿಗೆಗಳನ್ನು ಮುಂಚಿತವಾಗಿ ಅಂತರಜಾಲದಲ್ಲಿ ಖಾತೆ ತೆರೆದು ಕೋರಬೇಕು. ಹೋಗಿ ಕೌಂಟರಿನಲ್ಲಿ ಕೇಳಿದರೆ ಆಗುತ್ತದೆ ಎಂದುಕೊಂಡಿದ್ದೆ. ಆ ದಿನ ಸಂಗ್ರಹದ ಸೂಚಿಯನ್ನಾದರೂ ಸರಿಯಾಗಿ ಓದಿಕೊಂಡು ಬಂದೆ, ಅದು ವ್ಯರ್ಥವಾಗಲಿಲ್ಲ. ಯಾವ ವರ್ಷದ ಪತ್ರ ಯಾವ ಕಡತದಲ್ಲಿದೆ, ಯಾರಿಗೆ ಬರೆದದ್ದು ಎಂಬ ವಿವರ ಅದರಲ್ಲಿರುತ್ತದೆ. ಅಲ್ಲಿದ್ದ ಸಿಬ್ಬಂದಿಯೊಬ್ಬರು ರ್ಯಾಮ್ಸರ್‌ನ ಕಾಗದಗಳೂ ಸೇರಿರುವ ಇಲ್ಲಿನ ದೊಡ್ಡ ಸಂಗ್ರಹ ಹುಟ್ಟಿದ ಬಗೆ ಹೇಳಿದರು. ಹ್ಯಾಮಿಲ್ಟನ್ ಎಂಬ ಇತಿಹಾಸದ ಪ್ರಾಧ್ಯಾಪಕರು 1930ರಲ್ಲಿ ಇದನ್ನು ಶುರುಮಾಡಿ, ದಕ್ಷಿಣದ ರಾಜ್ಯಗಳಲ್ಲೆಲ್ಲ ಕಾರು ಓಡಿಸಿಕೊಂಡು ಹಳೆಯ ಮನೆಗಳ ಅಟ್ಟದಿಂದ ಕಾಗದಪತ್ರ ಸಂಗ್ರಹಿಸಿ ತಂದರಂತೆ. ನನಗೆ ಕೆಳದಿಯ ವಸ್ತುಸಂಗ್ರಹಾಲಯ ನೆನಪಾಯಿತು. ಚಿಕ್ಕಂದಿನಲ್ಲಿ ಶಿರಸಿಯಿಂದ ಶಾಲೆಯವರು ಅಲ್ಲಿಗೆ ಕರೆದೊಯ್ದಿದ್ದರು. ಮನೆಮನೆಯಿಂದ ತಂದ ತಾಳೆಗರಿ, ಕಡತಗಳನ್ನು ಗಾಜಿನಾಚೆ ನೋಡಿ ಬಂದಿದ್ದೆವು. ಇಲ್ಲಿ ಗಾಜಿಲ್ಲ.

ಎರಡನೆಯ ಸಲ ಎಲ್ಲ ಸರಿಯಾಗಿ ನಡೆಯಿತು. ಚೀಲ, ಕೋಟು, ನೀರಿನ ಬಾಟಲಿ ಲಾಕರಿನಲ್ಲಿ. ಒಳಗೆ ಪೆನ್ಸಿಲ್ ಮಾತ್ರ, ಪೆನ್ನಿಲ್ಲ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಕೂರಬೇಕು. ಕಾಗದಕ್ಕೆ ಕೈಗವಸು ಬೇಕಾಗುವುದಿಲ್ಲ, ಗವಸು ಹಾಕಿದರೆ ಅಂಚು ಹರಿಯುವ ಸಂಭವವೇ ಹೆಚ್ಚಂತೆ. ಒಂದು ಸಲಕ್ಕೆ ಒಂದೇ ಕಡತ ಮೇಜಿನ ಮೇಲೆ. ತೆಗೆದ ಜಾಗದಲ್ಲಿ ಗುರುತಿನ ರಟ್ಟು ಇಡಬೇಕು, ಹಾಳೆಗಳ ಕ್ರಮ ತಪ್ಪಬಾರದು. ಫ್ಲಾಷ್ ಇಲ್ಲದೆ ಮೊಬೈಲಿನಲ್ಲಿ ಚಿತ್ರ ತೆಗೆಯಬಹುದು, ಆದರೆ ಪ್ರತಿ ಕಡತದ ಚಿತ್ರ ತೆಗೆಯುವ ಮೊದಲು ಅದರ ಶೀರ್ಷಿಕೆಯ ಚಿತ್ರ ತೆಗೆಯಿರಿ. ನಾನು ಮೊದಲ ಎಂಬತ್ತು ಚಿತ್ರಗಳಿಗೆ ಹಾಗೆ ಮಾಡದೆ, ಯಾವುದು ಎಲ್ಲಿಯದೆಂದು ತಿಳಿಯದೆ, ಮತ್ತೊಂದು ದಿನ ರಜೆ ಹಾಕಬೇಕಾಯಿತು.

ಪತ್ರ ಕೈಗೆ ಬಂದಾಗ ಕೈ ನಡುಗಿತು. ಕಂದು ಬಣ್ಣಕ್ಕೆ ತಿರುಗಿದ ಶಾಯಿ. ಮಡಿಚಿದ ಗೆರೆಗಳಲ್ಲಿ ಕಾಗದ ತೆಳುವಾಗಿ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟಾಗಿತ್ತು. ಆದರೆ ಓದಲು ಆಗಲಿಲ್ಲ. ಮೊದಲ ಪುಟಕ್ಕೆ ಎರಡು ಗಂಟೆ ಹಿಡಿಯಿತು, ಅದರಲ್ಲೂ ಅರ್ಧ ಊಹೆ. ಆ ಕಾಲದ ಕೂಡಕ್ಷರ ನಮ್ಮ ಕಣ್ಣಿಗೆ ಹೊಸತು. ಎರಡು ಎಸ್ ಜೊತೆಗೆ ಬಂದರೆ ಕೆಲವರು ಮೊದಲನೆಯದನ್ನು ಎಫ್‌ನ ಹಾಗೆ ಉದ್ದಕ್ಕೆ ಎಳೆಯುತ್ತಿದ್ದರು. ಕಾಗದದ ಬರಗಾಲ ಬೇರೆ. ಬರೆದ ಹಾಳೆಯನ್ನೇ ಅಡ್ಡಕ್ಕೆ ತಿರುಗಿಸಿ ಅದರ ಮೇಲೆಯೇ ಇನ್ನೊಂದು ಪುಟ ಬರೆಯುವ ರೂಢಿ ಆ ಕಾಲದಲ್ಲಿತ್ತು. ನನಗೆ ಒದಗಿದ ಉಪಾಯವೆಂದರೆ ಗೊತ್ತಿರುವ ಪದಗಳಿಂದ ಶುರುಮಾಡುವುದು: ತಿಂಗಳ ಹೆಸರು, ಊರ ಹೆಸರು, ‘ನೆಲ್ಲಿ’ ಎಂಬ ಸಂಬೋಧನೆ. ಅವುಗಳಿಂದ ಒಂದೊಂದೇ ಅಕ್ಷರ ಆಯ್ದು ಪಟ್ಟಿ ಮಾಡಿದೆ. ದಿನಾಂಕದ ಪಕ್ಕ ಇನ್‌ಸ್ಟ್ ಎಂದಿದ್ದರೆ ಈ ತಿಂಗಳು, ಅಲ್ಟ್ ಎಂದಿದ್ದರೆ ಹೋದ ತಿಂಗಳು. ಇದು ತಿಳಿಯದೆ ನಾನು ಒಂದು ಪತ್ರವನ್ನು ತಿಂಗಳು ತಪ್ಪಿಸಿ ಓದಿದ್ದೆ. ನಮ್ಮ ಅಜ್ಜನ ಕಾರ್ಡುಗಳಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂಬುದು ಹೇಗೋ ಹಾಗೆ, ಆ ಕಾಲಕ್ಕೂ ಅದರದ್ದೇ ಕಟ್ಟುಮಾತುಗಳಿವೆ. ಅವು ಪಳಗಿದರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ. ನಾಲ್ಕನೆಯ ಭೇಟಿಯ ಹೊತ್ತಿಗೆ ಪುಟಕ್ಕೆ ಹದಿನೈದು ನಿಮಿಷ ಸಾಕಾಯಿತು. ಅಂದಹಾಗೆ, ಅವನ ಪತ್ರಗಳು 2010ರಲ್ಲಿ ಅಚ್ಚಾಗಿ ಪುಸ್ತಕವಾಗಿವೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಮೂಲವನ್ನು ಓದಿದರೆ ಅಕ್ಷರ ಬೇಗ ಕೈವಶವಾಗುತ್ತದೆ. ಮೊದಲೇ ಅದನ್ನು ಎರವಲು ತಂದಿದ್ದರೆ ನನಗೆ ಎರಡು ವಾರ ಉಳಿಯುತ್ತಿತ್ತು.

ಇನ್ನು ಒಳಗಿದ್ದದ್ದು. ಗಾಯದ ಮಾತು ನಾನಂದುಕೊಂಡಷ್ಟು ಇಲ್ಲ. ಮಾಲ್ವರ್ನ್ ಹಿಲ್‌ನ ಗುಂಡು ಬಲತೋಳನ್ನು ತಿಂಗಳುಗಟ್ಟಲೆ ನಿಷ್ಕ್ರಿಯಗೊಳಿಸಿತ್ತು. ಆ ನವೆಂಬರ್‌ನಲ್ಲಿ ಬ್ರಿಗೇಡಿಯರ್ ಜನರಲ್ ಹುದ್ದೆ ಬಂದಾಗ, ಈ ತೋಳಿನೊಂದಿಗೆ ಒಪ್ಪಿಕೊಳ್ಳಲೇ ಎಂದು ಆತ ಹಿಂಜರಿದ. ಪೂರ್ತಿ ವಾಸಿಯಾಗುವ ಮೊದಲೇ 1863ರ ಜನವರಿಯಲ್ಲಿ ಸೇನೆಗೆ ಮರಳಿದ. ಆದರೆ ನಾನು ಓದಿದ ಪತ್ರಗಳಲ್ಲಿ ನೋವನ್ನು ಹಿಗ್ಗಿಸಿ ಹೇಳುವುದು ಕಾಣಲಿಲ್ಲ. ಮನೆಯವರು ಹೆದರಬಾರದೆಂಬ ಎಚ್ಚರವೇ ಎದ್ದುಕಾಣುತ್ತದೆ. ಉದ್ದಕ್ಕೂ ತುಂಬಿರುವುದು ನೆಲ್ಲಿಯನ್ನು ನೋಡುವ ಹಂಬಲ, ದೇವರ ಮೇಲಿನ ಭಾರ, ಮುಂದಿನ ಯುದ್ಧ ಗೆಲ್ಲುತ್ತೇವೆಂಬ ಭರವಸೆ.

1863ರ ಅಕ್ಟೋಬರ್ 28ರಂದು ಅವರ ಮದುವೆ. ಕ್ಯಾಸ್ವೆಲ್ ಕೌಂಟಿಯಲ್ಲಿ, ಮಿಲ್ಟನ್ ಹತ್ತಿರದ ವುಡ್‌ಸೈಡ್ ಎಂಬ ನೆಲ್ಲಿಯ ತವರುಮನೆಯಲ್ಲಿ. ಆಮೇಲಿನ ಚಳಿಗಾಲದಲ್ಲಿ ಪತ್ರಗಳ ಸಾಲು ಕಡಿದುಹೋಗುತ್ತದೆ. ಹಾಳೆಗಳು ಕಳೆದಿವೆಯೇನೋ ಎಂದು ನನ್ನ ಟಿಪ್ಪಣಿಯಲ್ಲಿ ಪ್ರಶ್ನೆಯ ಗುರುತು ಹಾಕಿ, ಸೂಚಿಯನ್ನು ಮತ್ತೆ ನೋಡಿ, ಒಂದು ಮಧ್ಯಾಹ್ನವೆಲ್ಲ ತಡಕಾಡಿದೆ. ಕಳೆದಿರಲಿಲ್ಲ. ಆ ಚಳಿಗಾಲ ನೆಲ್ಲಿ ವರ್ಜೀನಿಯಾದ ಶಿಬಿರದ ಬಳಿ ಬಂದು ಗಂಡನ ಜೊತೆ ಇದ್ದಳು. ಬರೆಯುವ ಅಗತ್ಯವೇ ಇರಲಿಲ್ಲ. ಮೂರು ತಿಂಗಳಲ್ಲಿ ನನ್ನ ಕಣ್ಣು ಒದ್ದೆಯಾದದ್ದು ಆ ಖಾಲಿ ಜಾಗದಲ್ಲಿ. ಅವರ ಸಂಸಾರವೆಂದರೆ ಅಷ್ಟೇ, ಆ ಪತ್ರವಿಲ್ಲದ ವಾರಗಳು. ಮೊದಲ ವಾರ್ಷಿಕೋತ್ಸವಕ್ಕೆ ಎಂಟು ದಿನ ಇರುವಾಗ ಆತ ಸತ್ತ.

ಆದರೆ ಇದೇ ಸಂಗ್ರಹದಲ್ಲಿ ಇನ್ನೊಂದು ಪತ್ರವಿದೆ. ಅದನ್ನು ಹೇಳದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. 1856ರ ನವೆಂಬರ್, ಅಧ್ಯಕ್ಷರ ಚುನಾವಣೆ ಮುಗಿದ ದಿನಗಳು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದುತ್ತಿದ್ದ ಹತ್ತೊಂಬತ್ತರ ರ್ಯಾಮ್ಸರ್, ಮುಂದೆ ತನ್ನ ತಂಗಿಯ ಗಂಡನಾಗಲಿದ್ದ ಗೆಳೆಯ ಡೇವಿಡ್ ಶೆಂಕ್‌ಗೆ ಬರೆಯುತ್ತಾನೆ. ಗುಲಾಮಗಿರಿಯೇ ನಮ್ಮ ಬದುಕಿನ ಬುಡ, ಒಡೆಯನಿಗೂ ಗುಲಾಮನಿಗೂ ಅದಕ್ಕಿಂತ ದೊಡ್ಡ ವರ ಇಲ್ಲ ಎಂಬುದು ಅವನ ಮಾತಿನ ಸಾರ. ಓದಿ ಕಡತ ಮುಚ್ಚಿದೆ. ಅಂದು ಮತ್ತೇನೂ ಓದಲಾಗಲಿಲ್ಲ, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಹಿಂದಿನ ವಾರವಷ್ಟೇ ಅದೇ ಕೈಬರಹದ ಅಕ್ಷರಗಳನ್ನು ಪ್ರೀತಿಯಿಂದ ಪಟ್ಟಿ ಮಾಡಿದ್ದೆ.

ಆಮೇಲೆ ನಾನು 1860ರ ಜನಗಣತಿಯ ಗುಲಾಮರ ಪಟ್ಟಿಯನ್ನು ತೆರೆದೆ. ಇದನ್ನು ಪ್ರತಿಯೊಬ್ಬರೂ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ಒಡೆಯನ ಹೆಸರು ಎಡಕ್ಕೆ, ಅದರ ಕೆಳಗೆ ಸಾಲುಸಾಲು ವಯಸ್ಸು, ಗಂಡು ಅಥವಾ ಹೆಣ್ಣು, ಬಣ್ಣ. ಹೆಸರಿನ ಅಂಕಣವೇ ಇಲ್ಲ. ರ್ಯಾಮ್ಸರ್‌ನ ಕುದುರೆಗೆ ಮೇವು ಕೊಟ್ಟ ಚೀಟಿ ಸರ್ಕಾರದಲ್ಲಿ ಭದ್ರವಾಗಿದೆ, ಬ್ರಿಗೇಡಿಯರ್ ಜನರಲ್‌ಗೆ ತಿಂಗಳಿಗೆ 301 ಡಾಲರ್ ಸಂಬಳವೆಂಬುದೂ ಗೊತ್ತು. ಅವರ ಮನೆಗಳಲ್ಲಿ ಅಡುಗೆ ಮಾಡಿದವರ, ಹೊಲದಲ್ಲಿ ದುಡಿದವರ ಹೆಸರು ಆ ಪಟ್ಟಿಯಲ್ಲಿ ಇಲ್ಲ. ರ್ಯಾಮ್ಸರ್ ಮತ್ತು ನೆಲ್ಲಿ ಮದುವೆಯಾದ ವುಡ್‌ಸೈಡ್ ಮನೆಯ ಒಳಗಿನ ಮರಗೆಲಸ ಮಿಲ್ಟನ್‌ನ ಥಾಮಸ್ ಡೇ ಎಂಬ ಸ್ವತಂತ್ರ ಕಪ್ಪು ಕುಶಲಕರ್ಮಿಯದು. ಮೆಟ್ಟಿಲು, ಒಲೆಯ ಚೌಕಟ್ಟುಗಳಿಗೆ ಆತ ರಾಜ್ಯದಲ್ಲೆಲ್ಲ ಹೆಸರಾಗಿದ್ದ. ಪತ್ರಗಳಲ್ಲಿ ಕಾಣದ ಎಷ್ಟೋ ಕೈಗಳು ಈ ಕಥೆಯ ಸುತ್ತ ಇವೆ, ಅವನ್ನು ಬೇರೆ ಪೆಟ್ಟಿಗೆಗಳಲ್ಲಿ ಹುಡುಕಬೇಕು.

ಕೊನೆಗೆ ಓದಿದ್ದು ರ್ಯಾಮ್ಸರ್ ಬರೆದದ್ದಲ್ಲ. ಅವನ ಜೊತೆಗೇ ಸೆರೆಸಿಕ್ಕ ಹಚಿನ್ಸನ್ ಎಂಬ ಸಹಾಯಕ ಅಧಿಕಾರಿ, ಸಾವಿನ ದಿನವೇ ನೆಲ್ಲಿಗೆ ಬರೆದದ್ದು. ವೈದ್ಯಕೀಯ ದಾಖಲೆಯಲ್ಲಿ ಹುಡುಕಿ ಸೋತ ಗಾಯ ನನಗೆ ಸಿಕ್ಕಿದ್ದು ಇಲ್ಲಿ: ಗುಂಡು ಹೊಕ್ಕ ಬಗೆ, ಆತ ಪಟ್ಟ ನೋವು, ಕೊನೆಯ ಗಂಟೆಗಳು. ಹೆಂಡತಿಗೆ ತನ್ನ ಪ್ರೀತಿ ತಿಳಿಸಿ, ತಲೆಗೂದಲಿನ ಒಂದು ಎಳೆ ಕಳಿಸಿ, ಸ್ವರ್ಗದಲ್ಲಿ ಅವಳನ್ನು ಕಾಣುವ ಆಸೆಯಿದೆ ಎಂದು ಹೇಳಿ ಎಂದನಂತೆ. ಆ ರಾತ್ರಿ ಅವನನ್ನು ನೋಡಲು ಬಂದವರು ವೆಸ್ಟ್ ಪಾಯಿಂಟ್ ದಿನಗಳ ಗೆಳೆಯರು, ಕಸ್ಟರ್, ಮೆರಿಟ್, ಡು ಪಾಂಟ್. ಹಗಲಿಡೀ ಅವನ ವಿರುದ್ಧ ಹೋರಾಡಿದ್ದ ಉತ್ತರದ ಸೇನೆಯ ಅಧಿಕಾರಿಗಳು. ಶವವನ್ನು ಕೆಡದಂತೆ ಸಂಸ್ಕರಿಸಿ ಊರಿಗೆ ಕಳಿಸಿಕೊಟ್ಟರು. ಹುಟ್ಟಿದ್ದು ಹೆಣ್ಣುಮಗು, ಮೇರಿ ಎಂದು ಹೆಸರಿಟ್ಟರು. ನೆಲ್ಲಿ ಮರುಮದುವೆಯಾಗಲಿಲ್ಲ.

ಮಾರ್ಚ್‌ನಲ್ಲಿ ಲಿಂಕನ್‌ಟನ್‌ಗೂ ಹೋಗಿಬಂದೆವು. ಸೇಂಟ್ ಲ್ಯೂಕ್ಸ್ ಚರ್ಚಿನ ಅಂಗಳದಲ್ಲಿ ಸಮಾಧಿ ಇದೆ. ಪತ್ರ ಓದಿ ಮುಗಿಸಿದ ಮೇಲೆ ಹೋಗುವುದೇ ಒಳ್ಳೆಯದು, ಮೊದಲು ಹೋದರೆ ಬರೀ ಕಲ್ಲು ಕಾಣುತ್ತದೆ. ಒಟ್ಟು ಖರ್ಚು ನನಗೆ ಆರು ದಿನದ ರಜೆ, ಪೆಟ್ರೋಲು, ಒಂದು ತಿಂಗಳ ಅನಗತ್ಯ ಚಂದಾ. ಓದುವುದಕ್ಕೆಂದು ಗ್ರಂಥಾಲಯ ಒಂದು ಡಾಲರನ್ನೂ ಕೇಳಲಿಲ್ಲ. ರಾಲಿಯಲ್ಲಿರುವ ರಾಜ್ಯ ಪತ್ರಾಗಾರದಲ್ಲೂ ರ್ಯಾಮ್ಸರ್‌ನ ಕಾಗದಗಳಿವೆ, ಎರಡನ್ನೂ ಸೇರಿಸಿ ಯೋಜನೆ ಹಾಕಿಕೊಳ್ಳಿ. ಮುಂಗಡವಾಗಿ ತೆರೆಯುವ ವೇಳೆ ನೋಡಿಕೊಳ್ಳಿ, ರಜಾದಿನಗಳಲ್ಲಿ ಬದಲಾಗುತ್ತದೆ.

ಓದುಕೋಣೆ ಮುಚ್ಚುವ ಹೊತ್ತಿಗೆ ಸಿಬ್ಬಂದಿ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಾರೆ, ಪೆಟ್ಟಿಗೆಯನ್ನು ನಿಮ್ಮ ಹೆಸರಿಗೆ ತೆಗೆದಿಟ್ಟಿರಬೇಕೇ, ಒಳಗೆ ಕಳಿಸಬೇಕೇ? ಐದು ಸಲ ತೆಗೆದಿಡಿ ಎಂದಿದ್ದೆ. ಏಪ್ರಿಲ್‌ನ ಆ ಶುಕ್ರವಾರ ಕೊನೆಯ ಕಡತದ ಹಾಳೆಗಳ ಕ್ರಮವನ್ನು ಎರಡು ಬಾರಿ ನೋಡಿ, ಗುರುತಿನ ರಟ್ಟು ತೆಗೆದು, ಮುಚ್ಚಳ ಹಾಕಿದೆ. ಕಳಿಸಿ ಎಂದೆ. ಆಕೆ ಪೆಟ್ಟಿಗೆಯನ್ನು ಗಾಡಿಯ ಮೇಲಿಟ್ಟು ಬಾಗಿಲಾಚೆ ತಳ್ಳಿಕೊಂಡು ಹೋಗುವವರೆಗೆ ಅಲ್ಲೇ ನಿಂತಿದ್ದೆ.